ಪಿನ್ನು ಹೊಡೆಯದ ಐನೂರು ಪ್ರತಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದ ಸಿಕ್ಕಿತು. ಭಾನುವಾರ ಅಪ್ಪನ ನೆನಪಿಗೆ ಅವರ ಹಳೆಯ ಸೈನಿಕ ಗೆಳೆಯರು ಸೇರುತ್ತಾರೆ, ಓದಲು ಒಂದು ಪುಟ ಬರೆದುಕೊಡು, ಭಾಷಣ ಮಾತ್ರ ಬಿಗಿಯಬೇಡ ತಾಯಿ, ಎಂದಿದ್ದೀಯ. ಮೂರು ದಿನದಿಂದ ಬರೆದು ಹರಿದು ಸುಸ್ತಾಗಿದ್ದೇನೆ. ‘ವೀರಯೋಧ’ ಎಂದು ನನ್ನಿಂದ ಬರೆಯಲಾಗದು. ಯುದ್ಧವೆಂದರೆ ಬಡವರ ಮಕ್ಕಳ ಕೈಯಲ್ಲಿ ಬಡವರ ಮಕ್ಕಳನ್ನೇ ಕೊಲ್ಲಿಸುವುದು. ಇದನ್ನು ಈಗಲೂ ನಂಬುತ್ತೇನೆ. ನಂಬಿಯೇ ಹೋದ ವರ್ಷ ‘ಕೂಲಿಗೆ ಕೊಂದವರು’ ಎಂಬ ಪುಸ್ತಿಕೆ ಬರೆದೆ, ಅಪ್ಪನ ಮುಖಕ್ಕೆ ಹೇಳಿಯೇ ಮನೆ ಬಿಟ್ಟೆ.

ನಿನಗೆ ಹೇಳದ ಒಂದು ವಿಷಯವಿದೆ. ಪ್ರೆಸ್ಸಿನವನು ತನ್ನ ಉಳಿದೆಲ್ಲ ಕೆಲಸದಂತೆ ಆ ಪುಸ್ತಿಕೆಯ ಬೈಂಡಿಂಗನ್ನೂ ಅಪ್ಪನಿಗೇ ಕೊಟ್ಟಿದ್ದ. ಹದಿನಾರು ಪುಟಕ್ಕೆ ಎರಡು ಪಿನ್ನು ಧಾರಾಳ. ಆದರೆ ಪ್ರತಿಗಳು ಬಂದಾಗ ಐನೂರಕ್ಕೂ ಮೇಣ ಹಚ್ಚಿದ ದಾರದ ಹೊಲಿಗೆ. ಹಂಚಬೇಕಿದ್ದ ದಿನ ದಾಟಿತ್ತು. ಅಪ್ಪ ಬೇಕೆಂದೇ ತಡಮಾಡಿದ್ದಾರೆ ಎಂದು ಪ್ರೆಸ್ಸಿನವನ ಮೇಲೆ ಹರಿಹಾಯ್ದೆ. ಅವನು, ನನ್ನನ್ಯಾಕಮ್ಮ ಬೈತೀಯ, ನಾನೂ ಬೇಡ ಅಂದೆ, ಪಿನ್ನು ತುಕ್ಕು ಹಿಡಿಯುತ್ತೆ, ಮಗಳು ಬರೆದಿದ್ದು ನಾಲ್ಕು ಕಾಲ ಇರಲಿ ಅಂದ್ರು ನಿಮ್ಮಪ್ಪ, ಎಂದ. ಓದಿದರಾ ಎಂದು ಕೇಳಿದೆ. ಎರಡು ಸಲ ಓದಿದ್ರು, ಕೂಲಿ ಅನ್ನೋದೊಂದು ತಪ್ಪು, ನಾನು ಸೇರಿದ್ದು ಬೂಟಿನಾಸೆಗೆ ಅಂತ ನಕ್ರು, ಎಂದ.

ಆಮೇಲೂ ನಾನು ಮನೆಗೆ ಹೋಗಲಿಲ್ಲ.

ಎರಡು ಬೆರಳಿಲ್ಲದ ಕೈಯಲ್ಲಿ ಐನೂರು ಹೊಲಿಗೆ, ಅಕ್ಕ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಿರಬೇಕು. ಅಮ್ಮ ಹೋದ ಮೇಲೆ ನಮ್ಮ ಜಡೆಯ ರಿಬ್ಬನ್ ಬಿಗಿಯುತ್ತಿದ್ದುದೂ ಹಾಗೇ ತಾನೆ? ಶಾಲೆಯಲ್ಲಿ ಯಾರು ಜಗ್ಗಿದರೂ ಬಿಚ್ಚುತ್ತಿರಲಿಲ್ಲ. ಸಂಜೆ ಆ ಗಂಟು ಬಿಡಿಸಲು ನೀನು ಅವರ ಬೈಂಡಿಂಗ್ ಸೂಜಿಯನ್ನೇ ಕದಿಯಬೇಕಾಗುತ್ತಿತ್ತು.

ಭಾನುವಾರ ಇಷ್ಟು ಓದು: ಇವರು ಹದಿನೆಂಟಕ್ಕೆ ಬೂಟಿನಾಸೆಗೆ ಸೇನೆ ಸೇರಿದರು. ಎರಡು ಬೆರಳು ಅಲ್ಲೇ ಬಿಟ್ಟು ಬಂದರು. ಮೂವತ್ತು ವರ್ಷ ಬೇರೆಯವರ ಪುಸ್ತಕ ಹೊಲಿದು, ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸಿದರು. ಕಿರಿಯವಳು ತಮ್ಮನ್ನು ಕೊಲೆಗಾರ ಎಂದು ಬರೆದಾಗ, ಅದರ ಒಂದು ಹಾಳೆಯೂ ಉದುರದಂತೆ ಹೊಲಿದುಕೊಟ್ಟರು.

‘ವೀರ’ ಎಂದು ಯಾರಾದರೂ ಸೇರಿಸಿದರೆ ಸೇರಿಸಲಿ. ಜಗಳವಾಡುವ ತ್ರಾಣ ನನಗಿಲ್ಲ.

ನಿನ್ನ
ತಂಗಿ

ತಾ.ಕ.: ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಮುಷ್ಕರದ ಸಭೆಯಿದೆ, ಬರಲಾಗದು ಎಂದು ತಿಳಿಸಿದ್ದೆನಲ್ಲ, ಸಭೆ ಇರಲಿಲ್ಲ. ಆಸ್ಪತ್ರೆಯ ಗೇಟಿನವರೆಗೆ ಬಂದಿದ್ದೆ. ಮೊದಲ ಮಾತು ಏನಾಡಲಿ ಎಂದು ಯೋಚಿಸುತ್ತ ನಿಂತಿದ್ದಾಗಲೇ ನೋಡಲು ಬಿಡುವ ಹೊತ್ತು ಮುಗಿಯಿತು. ನಾಳೆ ಬಂದರಾಯಿತು ಎಂದುಕೊಂಡು ಹೊರಟೆ. ಭಾನುವಾರ ನಾನು ಬರಲೋ ಬೇಡವೋ, ನೀನೇ ಹೇಳು.