ರಜಕ್ಕೆ ಕೊಂಡ ಮನೆ

ರಾಜಘಟ್ಟ
೧೧ ನವೆಂಬರ್ ೧೯೭೩, ಭಾನುವಾರ ಮಧ್ಯಾಹ್ನ

ಚಿ. ಸೌ. ಭಾಗ್ಯಳಿಗೆ,

ನಿನ್ನ ಅಕ್ಕ ಅನುಸೂಯಳ ಆಶೀರ್ವಾದ. ನಾವು ನಾಲ್ವರೂ ಗಟ್ಟಿಮುಟ್ಟಾಗಿದ್ದೇವೆ. ನೀನು, ನಿಮ್ಮ ಯಜಮಾನರು, ವನಜ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ. ದೀಪಾವಳಿಯೂ ಕಳೆಯಿತು. ಮುನಿಸಿಕೊಂಡಿರುತ್ತೀಯ, ಚಿಕ್ಕಂದಿನಿಂದಲೂ ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ತಾನೆ. ಬೈದುಕೊಂಡಾಯಿತಲ್ಲ, ಇನ್ನು ಓದು.

ಮೂರು ವರ್ಷದಿಂದ ಸಿಂಗಪುರಕ್ಕೆ ಬರುತ್ತೇವೆಂದು ಆಸೆ ತೋರಿಸಿ, ಕೊನೆಗೆ ಆ ದುಡ್ಡಿನಲ್ಲಿ ಹಳ್ಳಿಮನೆ ಕೊಂಡಿರಾ ಎಂದು ಕೇಳಿದ್ದೀಯ. ಹೌದು ಕಣೇ, ಕೊಂಡೆವು. ನಿಮ್ಮ ಭಾವನಿಗೂ ಇಷ್ಟವಿರಲಿಲ್ಲ. "ಇರೋದು ಕಾರ್ಖಾನೆಯೋರು ಕೊಟ್ಟ ಎರಡು ರೂಮು. ರಜಕ್ಕೆ ಅಂತ ಇನ್ನೊಂದ್ ಮನೆ ಮಾಡೋಕೆ ನಾನೇನು ದಿವಾನನಾ?" ಎಂದು ರೇಗಿದರು. ಹಡಗು ಹತ್ತುತ್ತೇವೆಂದು ಶಾಲೆಯಲ್ಲೆಲ್ಲ ಕೊಚ್ಚಿಕೊಂಡಿದ್ದ ಹುಡುಗರಿಬ್ಬರೂ ನನ್ನ ಜೊತೆ ಒಂದು ವಾರ ಮಾತು ಬಿಟ್ಟರು. ಕಾರ್ಖಾನೆ ಕಾಲೋನಿಯ ಪಕ್ಕದ ಮನೆ ಬೈರಮ್ಮ ಬೀದಿಯಲ್ಲೆಲ್ಲ ನಗುತ್ತಾಳೆ, "ಫಾರಿನ್ನಿಗೆ ಹೋಗ್ತೀವಿ ಅಂದೋರು ರಾಜಘಟ್ಟದ ಜಟಕಾ ಹತ್ತಿದ್ರು" ಅಂತ. ನಗಲಿ ಬಿಡು.

ನನ್ನ ಲೆಕ್ಕ ಬೇರೆ ಇತ್ತು. ನಾವು ಒಮ್ಮೆ ಬಂದು ಹದಿನೈದು ದಿನ ನೋಡಿಕೊಂಡು ಹೋದರೆ ಅಲ್ಲಿಗೆ ಮುಗಿಯಿತು. ಮನೆ ಅಂತ ಒಂದಿದ್ದರೆ ವನಜ ವರ್ಷವರ್ಷವೂ ರಜಕ್ಕೆ ಬರಬಹುದು. ಈ ಡಿಸೆಂಬರಿಗೆ ನೀನು ಅವಳನ್ನು ಕರೆದುಕೊಂಡು ಬರಬೇಕು. ನನಗೆ ಬೇಕಾದದ್ದು ಅದೊಂದೇ.

"ಅವಳು ಅಲ್ಲಿ ಬಯಲಿಗೆ ಹೋಗ್ತಾಳಾ ಅಕ್ಕಾ? ಕಕ್ಕಸು ಇಲ್ಲದ ಮನೆಗೆ ಹೇಗೆ ಬರೋದು?" ಎಂದು ಬರೆದಿದ್ದೆಯಲ್ಲ, ಅದೂ ನ್ಯಾಯವೇ. ಹೋದ ತಿಂಗಳು ಗುಂಡಿ ತೋಡಲು ಮುನಿವೆಂಕಟಪ್ಪನನ್ನು ಕರೆಸಿದೆ. ಹಿತ್ತಿಲಲ್ಲಿ, ಸೂರಿನ ನೀರು ಬೀಳುವ ಕಡೆ ಮಣ್ಣು ಮೆತ್ತಗಿತ್ತು. ಇಲ್ಲೇ ತೋಡಪ್ಪ ಎಂದು ನಾನೇ ಕೈ ತೋರಿಸಿದೆ.

ಮೊಳದಾಳ ಅಗೆದಿರಬೇಕು. ಪಿಳ್ಳಮ್ಮ ತಲೆ ಮೇಲೆ ಸೆರಗಿಲ್ಲದೆ ಓಡಿ ಬಂದಳು. ಈ ಮನೆಯನ್ನು ನಮಗೆ ಮಾರಿದ ವೆಂಕಟರಾಮಪ್ಪನ ಹೆಂಡತಿ ಅವಳು. ಈಗ ರಸ್ತೆ ಬದಿಯಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದಾರೆ. ನಾವು ಇಲ್ಲಿಗೆ ಬಂದಾಗಲೆಲ್ಲ ಮಟಮಟ ಮಧ್ಯಾಹ್ನದಲ್ಲಿ ಬಂದು, ಹೊಸಿಲು ದಾಟದೆ, "ಒಂದ್ ಗಳಿಗೆ ಹಿತ್ಲಲ್ಲಿ ಕೂತ್ಕಂಡ್ ಹೋಗ್ಲಾ?" ಎಂದು ಕೇಳುತ್ತಿದ್ದಳು. ಹಳೆಯ ಮನೆಯ ಮೋಹ ಇರಬೇಕೆಂದುಕೊಂಡು ಮಜ್ಜಿಗೆ ಕೊಡುತ್ತಿದ್ದೆ. ಆವತ್ತು ಅವಳು ಗುಂಡಿಯೊಳಕ್ಕೇ ಇಳಿದು ಕೂತುಬಿಟ್ಟಳು.

"ಅಲ್ ಬ್ಯಾಡ ಕಣವ್ವಾ. ನನ್ ಕೂಸೈತೆ."

ಮುನಿವೆಂಕಟಪ್ಪ ಹಾರೆ ಬಿಸಾಕಿ ದೂರ ನಿಂತ. ಹೆಸರಿಡುವ ಮುಂಚೆ ಹೋದ ಕೂಸನ್ನು ಊರಾಚೆಗೆ ಒಯ್ಯದೆ ಸೂರಿನ ಕೆಳಗೇ ಹೂಳುವುದು ಅವರ ಮನೆತನದ ವಾಡಿಕೆಯಂತೆ. ಸೂರಿನ ನೀರು ಬೀಳುತ್ತಿದ್ದರೆ ಅದೇ ಕೂಸು ಅದೇ ಮಡಿಲಿಗೆ ತಿರುಗಿ ಬರುತ್ತದೆಂದು ನಂಬಿಕೆ. ಇಪ್ಪತ್ತು ವರ್ಷವಾದರೂ ಬರಲಿಲ್ಲ.

"ಮನೆ ಮಾರುವಾಗ ಒಂದು ಮಾತು ಹೇಳಬಾರದಿತ್ತೇ?" ಎಂದೆ. ಸಿಟ್ಟು ಬಂದಿತ್ತು.

"ಯೋಳಿದ್ರೆ ಯಾರವ್ವ ತಗಂತಾರೆ? ಮನೆ ಮಾರಿದ್ದು ನಮ್ ಯಜಮಾನ್ರು. ಕೂಸ್ನ ನಾನ್ ಮಾರಿಲ್ಲ."

ಅವಳ ಕೈಹಿಡಿದು ಮೇಲಕ್ಕೆತ್ತಿದೆ. ಅವಳೂ ನಾನೂ ಕೈಯಿಂದಲೇ ಮಣ್ಣು ತುಂಬಿದೆವು. ಅವಳು ಮೇಲೆ ಚೊಂಬಿನಿಂದ ನೀರು ಹಾಕಿ, ಎಳೆಮಗುವಿನ ನೆತ್ತಿಗೆ ಎಣ್ಣೆ ತಟ್ಟುವ ಹಾಗೆ ಮೆಲ್ಲಗೆ ತಟ್ಟಿದಳು. ಕಕ್ಕಸನ್ನು ಆಚೆ ಹೊಂಗೆಮರದ ಹತ್ತಿರ ಕಟ್ಟಿಸಿದ್ದೇನೆ. ಬಾಗಿಲಿಗೆ ಚಿಲಕವೂ ಇದೆ. ಆ ನೆಪ ಇನ್ನು ಹೇಳಬೇಡ.

ಇದನ್ನು ಬರೆಯಬಾರದೆಂದೇ ಇಷ್ಟು ದಿನ ತಡ ಮಾಡಿದ್ದು. ಆದರೆ ನಿನಗಲ್ಲದೆ ಯಾರಿಗೆ ಹೇಳಲಿ? ಆವತ್ತಿನಿಂದ ಇಲ್ಲಿಗೆ ಬಂದಾಗಲೆಲ್ಲ ಊಟ ಮುಗಿದು ಎಲ್ಲರೂ ಅಡ್ಡಾದ ಹೊತ್ತಿಗೆ ಹಿತ್ತಿಲಿನಿಂದ "ಅಮ್ಮಾ" ಎಂದು ಕೇಳಿಸುತ್ತದೆ. ಒಂದೇ ಸಲ, ಮೆಲ್ಲಗೆ. ಎದ್ದು ಹೋಗಿ ನೋಡಿದರೆ ಬಿಸಿಲು ಬಿಟ್ಟು ಏನೂ ಇರುವುದಿಲ್ಲ. ನಿಮ್ಮ ಭಾವನಿಗೆ ಹೇಳಿದೆ. "ಪಕ್ಕದ ಮನೆ ಕರು ಕಣೇ, ಮಲಕ್ಕೋ" ಎಂದು ಮಗ್ಗುಲು ಬದಲಿಸಿದರು. ಪಕ್ಕದ ಮನೆಯವರು ಆ ಕರುವನ್ನು ದೊಡ್ಡಬಳ್ಳಾಪುರದ ಸಂತೆಯಲ್ಲಿ ಮಾರಿ ಆಗಲೇ ಎರಡು ವಾರವಾಗಿತ್ತು.

ಪಿಳ್ಳಮ್ಮನನ್ನು ಕೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅದೇನೂ ಮಾಡಕ್ಕಿಲ್ಲ ಕಣವ್ವ. ಅವ್ವ ಎಲ್ಲವ್ಳೆ ಅಂತ ನೋಡ್ತದೆ, ಅಷ್ಟೆಯ. ನೀನೇ ಓಗೊಟ್ಬಿಡು, ಸುಮ್ಕಾಯ್ತದೆ," ಎಂದಳು. ಓಗೊಡಲು ನನಗೆ ಧೈರ್ಯ ಬಂದಿಲ್ಲ.

ಹೆದರಿಕೊಂಡು ಬರದೆ ಇರಬೇಡ. ಮನೆ ಚೆನ್ನಾಗಿದೆ. ಪಡಸಾಲೆಗೆ ಸುಣ್ಣ ಹೊಡೆಸಿ, ತೊಲೆಗೆ ಉಯ್ಯಾಲೆ ಕಟ್ಟಿಸಿದ್ದೇನೆ. ವನಜಳಿಗೆ ಅವರೆಕಾಳಿನ ಹುಳಿ ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ, ಬರೆದು ತಿಳಿಸು. ಹನ್ನೆರಡು ವರ್ಷದ ಹುಡುಗಿಗೆ ಲಂಗಕ್ಕೆ ಎಷ್ಟು ಗಜ ಬೇಕೆಂದೂ ತಿಳಿಸು. ನಿನ್ನ ಎತ್ತರವೇ ಬಂದಿದ್ದಾಳೆಂದು ಬರೆದಿದ್ದೆ. ನಮ್ಮ ಕಡೆ ಹುಡುಗಿಯರೆಲ್ಲ ಹಾಗೆಯೇ, ಬೇಗ ಬೆಳೆಯುತ್ತಾರೆ. ಅವಳು ನನ್ನನ್ನು ದೊಡ್ಡಮ್ಮ ಎಂದು ಕರೆಯಲಿ, ನಿನ್ನ ಮಗ್ಗುಲಲ್ಲೇ ಮಲಗಲಿ. ನಾನು ಬೇರೆ ಏನೂ ಕೇಳುವುದಿಲ್ಲ.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಮಡಿಲು ತಣ್ಣಗಿರಲಿ, ವನಜ ನೂರು ಕಾಲ ಬಾಳಲಿ.

ನಿನ್ನ ಅಕ್ಕ,
ಅನುಸೂಯ

ತಾ.ಕ.: ಅಂಟು ಹಚ್ಚುವ ಮುಂಚೆ ಈ ಅಂಚಿನಲ್ಲಿ ಇಷ್ಟು ಬರೆಯುತ್ತೇನೆ. ಓದಿದ ಮೇಲೆ ಹರಿದುಹಾಕು, ವನಜಳ ಕೈಗೆ ಸಿಗಬಾರದು. ನಾನು ಸಿಂಗಪುರಕ್ಕೆ ಬರದಿದ್ದದ್ದು ಮನೆಯ ಆಸೆಗಲ್ಲ. ಅವಳನ್ನು ಹೆತ್ತವಳು ನಾನೆಂದು ಅವಳಿಗೆ ಹೇಳುವುದಿಲ್ಲವೆಂದು ನಿನಗೆ ಮಾತು ಕೊಟ್ಟಿದ್ದೇನೆ. ಆದರೆ ನಿನ್ನ ಮನೆಯಲ್ಲಿ ಅವಳು ನಿನ್ನನ್ನು ಅಮ್ಮ ಎಂದು ಕರೆಯುವಾಗ ನಾನು ಪಿಳ್ಳಮ್ಮನ ಹಾಗೆ ಹೊಸಿಲಾಚೆ ಕೂರಬೇಕಾಗುತ್ತದಲ್ಲ, ಅದಕ್ಕೆ ಹೆದರಿದೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ನಿನಗೆ ಮಕ್ಕಳಾಗಲಿಲ್ಲವೆಂದು ನಮ್ಮಮ್ಮ ಮಗುವನ್ನು ಕೇಳಿದಳು, ನಿನ್ನ ಮಡಿಲಿಗೆ ಹಾಕಿದವಳು ನಾನೇ.

ಪಿಳ್ಳಮ್ಮನಿಗೆ ಒಂದು ಮಾತು ಹೇಳದೆ ಉಳಿಸಿಕೊಂಡಿದ್ದೇನೆ. ಅವಳ ಕೂಸು ಹೋದಾಗ ಒಂಬತ್ತು ದಿನದ್ದು. ಒಂಬತ್ತು ದಿನದ ಕೂಸಿಗೆ ಮಾತು ಬರುವುದಿಲ್ಲ ಕಣೇ. ಮದರಾಸಿನ ಬಂದರಿನಲ್ಲಿ ನೀನು ಎತ್ತಿಕೊಂಡು ನಡೆದಾಗ, ನಿನ್ನ ಹೆಗಲ ಮೇಲಿಂದ ನನ್ನ ಕಡೆ ಕೈಚಾಚಿದ ವನಜಳಿಗೆ ಒಂದೂವರೆ ವರ್ಷ. ಅವಳಿಗೆ ಬರುತ್ತಿದ್ದದ್ದು "ಅಮ್ಮಾ" ಎನ್ನುವ ಅದೊಂದೇ ಮಾತು. ಆವತ್ತೂ ನಾನು ಓಗೊಡಲಿಲ್ಲ.