ಇಟ್ಟಿಗೆ ಭಟ್ಟಿಯಲ್ಲ, ಕಲ್ದೀಯರ ಊರ್

ಕಮಲಾಪುರ
೧೪ ಮೇ ೨೦೨೫

ಅಂಬರೀನಳ ಅಬ್ಬಾ ಅವರಿಗೆ ಲತೀಫಾಳ ಸಲಾಂ.

ನಿಮ್ಮ ಸೊಂಟನೋವು ಹೇಗಿದೆ? ಕ್ಯಾಂಪಿನ ನೀರು ಕುದಿಸಿ ಕುಡಿಯುತ್ತೀರೋ ಇಲ್ಲವೋ? ಫೋನಿನಲ್ಲಿ ಕೇಳಿದರೆ "ಎಲ್ಲಾ ಠೀಕ್" ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ. ನಿಮ್ಮ ಕ್ಯಾಂಪಿನ ಲಾಲ್ ಅಹ್ಮದ್ ರಜೆ ಮುಗಿಸಿ ಶುಕ್ರವಾರ ಇರಾಕಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ, ನಗಬೇಡಿ.

ರಸ್ತೆ ಕೆಲಸದ ಜಾಗದಿಂದ ನೀವು ಕಳಿಸಿದ ಫೋಟೋ ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ. ಅಷ್ಟೆತ್ತರ ಇಟ್ಟಿಗೆ! ರಸ್ತೆ ಕೆಲಸ ಬಿಡಿಸಿ ನಿಮ್ಮನ್ನು ಭಟ್ಟಿಗೆ ಹಾಕಿದ್ದಾರೆ ಎಂದೇ ತಿಳಿದಿದ್ದೆ. ಅಂಬರೀನ್ ನಕ್ಕೂ ನಕ್ಕೂ ಸಾಕಾಗಿ, ಅದು ಹಳೇ ಕಾಲದ ಚಂದ್ರದೇವರ ಗುಡಿ, ಆ ಜಾಗದ ಹೆಸರು ಊರ್, ನಮ್ಮ ಇಬ್ರಾಹಿಂ ಪೈಗಂಬರರು ಹೊರಟುಬಂದದ್ದು 'ಕಲ್ದೀಯರ ಊರ್' ಪಟ್ಟಣದಿಂದ ಎಂದು ಬೈಬಲ್ಲಿನಲ್ಲಿದೆ ಎಂದು ಹೇಳಿದಳು. ಅಂದಿನಿಂದ ಹುಡುಗಿಗೆ ಕಲ್ದೀಯರದೇ ಹುಚ್ಚು. ಪುಣೆಗೆ ಹೋಗಿ ಹಳೇ ಲಿಪಿ ಓದುತ್ತೇನೆ ಎಂದಾಗ ನೀವು "ಬಿ.ಎ. ಆಯ್ತಲ್ಲ, ಸಾಕು" ಎಂದಿರಿ, ನಾನೂ ತಲೆಯಾಡಿಸಿದೆ. ಅರ್ಜಿ ಕೊಡಲು ಬರುವ ಸೋಮವಾರ ಕಡೇ ದಿನ. ಇರಲಿ, ಮೊದಲು ಶನಿವಾರದ ಸುದ್ದಿ ಕೇಳಿ.

ಕಲಬುರಗಿಯ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಅವಳ ಭಾಷಣವಿತ್ತು. ಒಬ್ಬಳನ್ನೇ ಬಸ್ಸಿಗೆ ಹತ್ತಿಸಲು ಜೀವ ತಡೆಯದೆ ನಾನೂ ಹೋದೆ. ಸೂಪರ್ ಮಾರ್ಕೆಟ್ ದಾಟುವಷ್ಟರಲ್ಲಿ ಆಟೋ ಪಲ್ಟಿಯಾದೀತು, ಬಿಸಿಲಿಗೆ ತಲೆ ತಿರುಗೀತು, ಮಾತು ಮರೆತೀತು ಎಂದು ದಾರಿಯುದ್ದಕ್ಕೂ ದುವಾ. ಕಾಲೇಜಿನ ಹಾಲಿನ ಹಿಂದಿನ ಬೆಂಚಿನಲ್ಲಿ ಕೆಂಪು ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಲ್ದೀಯರು ಜವುಗು ನೆಲದ ಕಡೆಯಿಂದ ಬೆಳೆದು ಬಾಬಿಲೋನ್ ಆಳಿದ್ದು, ಅವರ ರಾಜ ನೆಬುಕದ್ನೆಚ್ಚರ ಜೆರುಸಲೇಮಿನ ಗುಡಿ ಕೆಡವಿ ಯಹೂದಿಗಳನ್ನು ಸೆರೆ ಒಯ್ದದ್ದು, ಅವನ ಕನಸನ್ನು ಅವನದೇ ಪಂಡಿತರು ಬಿಡಿಸಲಾಗದೆ ಸೆರೆಯಾಳು ದಾನಿಯೇಲ ಬಿಡಿಸಿದ ಕಥೆ, ಎಲ್ಲವನ್ನೂ ಕಾಗದ ನೋಡದೆ ಹೇಳಿದಳು.

ಆಗ ತೀರ್ಪುಗಾರರಾಗಿದ್ದ ಗುರುಲಿಂಗಪ್ಪ ಸರ್ ಎದ್ದರು. "ಯವ್ವಾ, ಇಬ್ರಾಹಿಮರ ಕಾಲಕ್ಕ ಕಲ್ದೀಯರು ಆ ಸೀಮಿಗೆ ಬಂದೇ ಇರಲಿಲ್ಲ ಅಂತಾರ. ಮತ್ತ ಕಲ್ದೀಯರ ಊರ್ ಅಂತ ಹ್ಯಾಂಗ ಬರದ್ರು?" ನನ್ನ ಕೈಯಲ್ಲಿ ಒಂದು ಹಣ್ಣು ಹಿಚುಕಿಹೋಯಿತು. ಮುಗಿಯಿತು, ಮರ್ಯಾದೆ ಹೋಯಿತು ಎಂದುಕೊಂಡೆ.

ಅಂಬರೀನ್ ಹೆದರಲಿಲ್ಲ. "ಸರ್, ಬಸ್ಸಿನ್ಯಾಗಿಂದ ಕೋಟೆ ಕಂಡ್ರ ಸಾಕು, ನಮ್ಮಮ್ಮಿ 'ಬಹಮನಿ ಸುಲ್ತಾನರು ಕಲಬುರಗಿ ಆಳಿದ್ರು' ಅಂತ ಕಥಿ ಶುರು ಮಾಡ್ತಾರ. ಸುಲ್ತಾನರು ಊರಿಗೆ ಇಟ್ಟ ಹೆಸರು ಅಹ್ಸನಾಬಾದ್. ಅಮ್ಮಿ ಶಾಲಿಗೆ ಹೋಗೂ ಮುಂದ ಬೋರ್ಡಿನ ಮ್ಯಾಲ ಗುಲ್ಬರ್ಗಾ. ಆದ್ರ ಕೇಳೋರಿಗೆ ತಿಳೀಲಿ ಅಂತ ಈಗಿನ ಹೆಸರೇ ಹೇಳ್ತಾರ. ಬೈಬಲ್ ಬರೆದವರೂ ಹಂಗ ಮಾಡಿರಬೇಕು ಅಂತ ಭಾಳ ವಿದ್ವಾಂಸರ ಮಾತು ಅದರೀ."

ಸರ್ ಬೆಂಚುಗಳ ಕಡೆ ತಿರುಗಿ, "ಆ ಅಮ್ಮಿ ಬಂದಾರೇನು? ಎದ್ದು ನಿಂದರ್ರೀ" ಎಂದರು. ಹಣ್ಣಿನ ರಸದ ಕೈ ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಶಾಲೆ ಬಿಟ್ಟಮೇಲೆ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮೊದಲ ಬಹುಮಾನ ಅವಳಿಗೇ ಬಂತು.

ಬಿಸಿಲಲ್ಲಿ ತಲೆಗೆ ಬಟ್ಟೆ ಸುತ್ತಿಕೊಳ್ಳಿ. ಬಕ್ರೀದಿಗೆ ರಜೆ ಸಿಗದಿದ್ದರೆ ಬೇಗ ತಿಳಿಸಿ. ಅಲ್ಲಾಹ್ ನಿಮ್ಮನ್ನು ಕಾಯಲಿ.

ನಿಮ್ಮ
ಲತೀಫಾ

ತಾ.ಕ.: ಲಾಲ್ ಅಹ್ಮದ್ ಬಾಗಿಲಲ್ಲಿ ನಿಂತಿದ್ದಾರೆ, ಅವಸರ. ಪುಣೆಯ ಅರ್ಜಿಯಲ್ಲಿ 'ತಂದೆ ಅಥವಾ ತಾಯಿ' ಎಂದಿತ್ತು, ನಾನೇ ಸಹಿ ಹಾಕಿದ್ದೇನೆ. ಕೊನೇ ಅಕ್ಷರ ಗೆರೆ ದಾಟಿತು, ನಡೆಯುತ್ತದಂತೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿ, ಅವಳ ಮೇಲಲ್ಲ. ಇಬ್ರಾಹಿಂ ಪೈಗಂಬರರೂ ಊರು ಬಿಟ್ಟೇ ಹೋದವರಲ್ಲವೇ? ಆ ಗುಡಿಯಿಂದ ನೆನಪಿಗೆಂದು ಒಂದು ಹರಳನ್ನೂ ತರಬೇಡಿ, ಅದು ತಪ್ಪಂತೆ. ಅಂಬರೀನ್ ಓದಿ ಮುಗಿಸಿ ತಾನೇ ಬಂದು ನೋಡುತ್ತಾಳಂತೆ. ಅಲ್ಲಿ ಕೂರಲು ಎಲ್ಲಾದರೂ ನೆರಳಿದೆಯೇ, ನೋಡಿ ಬರೆಯಿರಿ.