ಬ್ರೇಕಿನ ಬೀಗ

ಮನ್ಸಿ, ಇಂಡಿಯಾನಾ
ಅಕ್ಟೋಬರ್ 9, 1993, ಶನಿವಾರ

ವೆಂಡೆಲ್,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಇಲ್ಲವೆಂದು ನಿನ್ನ ಕೈಬರಹವೇ ಹೇಳುತ್ತಿದೆ. ಬಿಟ್ಟುಹೋದ ಮೇಲೆ ಬರೆದ ಮೊದಲ ಪತ್ರ, ಅದರಲ್ಲೂ ಬೈಗುಳ. "ಆ ಕಾರಿನ ಬ್ರೇಕಿಗೆ ಮತ್ತೆ ಬೀಗ ಹಾಕೋಕೆ ಡಾರ್ಸಿನ ಬಿಟ್ಯಲ್ಲ, ನಿಂಗೆ ಬುದ್ಧಿ ಇದೆಯಾ? ನಾನು ಹಾಕಿದ ಬೀಗಾನೇ ಅವಳ ಅಣ್ಣನ್ನ ತಿಂತು" ಎಂದಿದ್ದೀಯ. ಇಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಮನುಷ್ಯ ಅಮರಿಲ್ಲೊದಲ್ಲಿ ಹೋಟೆಲಿನ ತಟ್ಟೆ ತೊಳೆಯುತ್ತಿದ್ದೀಯಂತೆ, ಸ್ಪ್ಯಾನರ್ ಮುಟ್ಟುವುದೇ ಇಲ್ಲವಂತೆ.

ನಿನ್ನ ಮಗಳು ಯಾರ ಮಾತು ಕೇಳುತ್ತಾಳೆ ಹೇಳು? ಹತ್ತೊಂಬತ್ತು ತುಂಬಿದೆ, ಹಟ ಥೇಟ್ ನಿನ್ನದೇ. ಅಣ್ಣ ಟ್ರೆಂಟ್‌ನ ಶೆವೆಲ್ ಕಾರನ್ನು ಬರುವ ಭಾನುವಾರ ರೇಸಿಗೆ ಇಳಿಸಿಯೇ ತೀರುತ್ತಾಳಂತೆ. ಬೀಗವಿಲ್ಲದೆ ಹಿಂದಿನ ಟೈರು ಬಿಸಿ ಮಾಡುವುದು ಹೇಗೆ, ನಿಂತಲ್ಲೇ ಹೊಗೆ ಎಬ್ಬಿಸುವುದು ಹೇಗೆ ಎಂದು ನನ್ನನ್ನೇ ಕೇಳುತ್ತಾಳೆ. ಬ್ರೇಕ್ ತುಳಿದು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮುಂದಿನ ಚಕ್ರ ಎರಡೂ ಕಚ್ಚಿ ನಿಲ್ಲಬೇಕು, ಹಿಂದಿನವು ತಿರುಗಬೇಕು, ಅಷ್ಟೇ ಅದರ ಕೆಲಸ. ಕಾರು ನಿಲ್ಲಿಸಿ ಹೋಗಲು ಅದನ್ನು ನಂಬಬಾರದು, ಬಿಸಿಯಾದರೆ ಕೈಬಿಡುತ್ತದೆ ಎಂದು ನೀನು ಊಟದ ಮೇಜಿನಲ್ಲಿ ನೂರು ಸಲ ಹೇಳುತ್ತಿದ್ದೆ. ನನಗೇ ಬಾಯಿಪಾಠವಾಗಿತ್ತು.

ಈ ಮಂಗಳವಾರ ಮಧ್ಯಾಹ್ನ ನಡೆದದ್ದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ನಗಬೇಡ.

ಡಾರ್ಸಿ ಹೊಸ ಬೀಗ ಕೂರಿಸಿ, ಪೈಪುಗಳನ್ನು ಬಗ್ಗಿಸಿ ಜೋಡಿಸಿ ಮುಗಿಸಿದ್ದಳು. ಕೈಕೆಲಸ ನೀನು ನೋಡಬೇಕಿತ್ತು, ಒಂದು ಹನಿ ಸೋರಿಲ್ಲ. ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಬೇಕು. "ಅಮ್ಮಾ, ಬಂದು ಕೂರು" ಎಂದು ಶೆಡ್ಡಿನಿಂದ ಕೂಗಿದಳು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಕೇಳಿಸಲೇ ಇಲ್ಲ.

ಕೊನೆಯ ಹಾಸಿಗೆ ಬಟ್ಟೆ ಹರವಿ ಶೆಡ್ಡಿಗೆ ಹೋದರೆ ಅವಳು ಚಕ್ರದ ಹಿಂದೆ ನೆಲದ ಮೇಲೆ ಮಲಗಿ ಗೊಣಗುತ್ತಿದ್ದಳು. "ಸಾಕು ಬಿಡಮ್ಮಾ, ಕೆಲಸ ಮುಗೀತು. ಎಷ್ಟು ಸಲ ಹೇಳ್ಲಿ, ಕಾಲು ತೆಗಿ. ನಿಂಗೇನು ಬಾಯಿಲ್ವಾ? ಆವಾಗಿಂದ ಬರೀ ಬಾಗಿಲು ಕುಟ್ತಾ ಕೂತಿದೀಯ."

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ, ವೆಂಡೆಲ್. ಕೈಯಲ್ಲಿ ಖಾಲಿ ಬುಟ್ಟಿ.

ಅವಳು ತಿರುಗಿ ನನ್ನನ್ನು ಕಂಡಳು. ಆಮೇಲೆ ಕಾರಿನೊಳಗೆ ನೋಡಿದಳು. ಸೀಟು ಖಾಲಿ. ತುಟಿಯೆಲ್ಲ ಬಿಳುಚಿಹೋಯಿತು. ಅವಳು ಹೇಳಿದ್ದಿಷ್ಟು: "ಒತ್ತು" ಎಂದಾಗಲೆಲ್ಲ ಪೆಡಲ್ ಒತ್ತಿದ ಸದ್ದು ಬಂತು, ಆಮೇಲೆ ಬಾಗಿಲ ಮೇಲೆ ಎರಡು ಸಲ ಗೆಣ್ಣಿನಿಂದ ಕುಟ್ಟಿದ ಸದ್ದು. "ಹಿಡಿದಿದ್ದೇನೆ" ಎಂದು ಬಾಯಲ್ಲಿ ಹೇಳದೆ ಹಾಗೆ ಕುಟ್ಟುತ್ತಿದ್ದವನು ನಮ್ಮ ಮನೆಯಲ್ಲಿ ಟ್ರೆಂಟ್ ಒಬ್ಬನೇ ಅಲ್ಲವೇ. "ನಾಲಿಗೆ ಬೆಕ್ಕು ಕದ್ದಿತಾ?" ಎಂದು ನೀನು ಅವನನ್ನು ರೇಗಿಸುತ್ತಿದ್ದೆ.

ಪೆಡಲ್ ಇನ್ನೂ ಮೇಲೆ ಬಂದಿಲ್ಲ. ಬ್ಯಾಟರಿ ಕಳಚಿ ಬೆಂಚಿನ ಮೇಲಿಟ್ಟಿದ್ದೇವೆ, ಬೀಗಕ್ಕೆ ಕರೆಂಟೇ ಇಲ್ಲ. ಕೈಯಿಂದ ಎಳೆದು ನೋಡಿದೆವು. ಯಾರದೋ ಕಾಲಿನ ಭಾರ ಅದರ ಮೇಲಿದೆ. ಪಕ್ಕದ ಮನೆಯ ಆರ್ಲನ್ ಬಂದು ತಲೆ ಕೆರೆದುಕೊಂಡ. "ಏನೋ ಸಿಕ್ಕಾಕ್ಕೊಂಡಿರ್ಬೇಕು ಕಣಮ್ಮಾ" ಎಂದವನು ಒಳಗೆ ಬಗ್ಗಿ ಕೈ ಹಾಕಿದ. ತಟ್ಟನೆ ಹೊರಗೆಳೆದುಕೊಂಡ. "ಒಳಗೆ ಬೆಚ್ಚಗಿದೆ" ಎಂದಷ್ಟೇ ಹೇಳಿ ಮನೆಗೆ ಹೋದ. ಆಮೇಲೆ ಈ ಕಡೆ ಬಂದಿಲ್ಲ.

ಇನ್ನೊಂದು ವಿಷಯ. ಬೀಗದ ಗುಂಡಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಕಚ್ಚಿಸಿತ್ತು. "ಇದ್ಯಾಕಮ್ಮಾ ಇಲ್ಲಿ?" ಎಂದು ಡಾರ್ಸಿ ಕೇಳಿದಳು. ನನಗೇನು ಗೊತ್ತು ಎಂದೆ.

ನಿನ್ನ ಬೀಗದಲ್ಲಿ ದೋಷವಿರಲಿಲ್ಲ ಎಂದು ತಿಳಿಸಲು ಇಷ್ಟು ಬರೆದೆ. ತಟ್ಟೆ ತೊಳೆದದ್ದು ಸಾಕು, ಮನೆಗೆ ಬಾ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಮಗಳ ಮುಖ ನೋಡು.

ಇಂದಿಗೂ ನಿನ್ನವಳೇ,
ಮರ್ನಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಕ್ಲಿಪ್ ಯಾಕಿತ್ತೆಂದು ನನಗೆ ಗೊತ್ತು.

ಟ್ರೆಂಟ್ ಸತ್ತ ದಿನ ಅವನು ಒಬ್ಬನೇ ಇರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿಟ್ಟಿದ್ದ, ಹ್ಯಾಂಡ್‌ಬ್ರೇಕಿನ ತಂತಿಯನ್ನೂ ತೆಗೆದಿದ್ದ. ಇಬ್ಬರೂ ಸೇರಿ ಕಾರನ್ನು ಇಳಿಜಾರಿಗೆ ತಳ್ಳಿದೆವು. ಇಳಿಜಾರಿಗೆ ಬಂದೊಡನೆ ಸೀಟಿಗೆ ಹತ್ತಿ ಬ್ರೇಕ್ ತುಳಿದು ಕೂತವಳು ನಾನು. "ಅಮ್ಮಾ, ಕಾಲು ತೆಗೀಬೇಡ, ಚಕ್ರಕ್ಕೆ ಮರದ ತುಂಡು ಕೊಡ್ತೀನಿ" ಎಂದು ಅವನು ಹಿಂದೆ ಹೋದ. ಆಗ ಫೋನು ಹೊಡೆದುಕೊಂಡಿತು. ನಾಲ್ಕು ಗಂಟೆ, ದಿನಾ ಕೆಲಸದ ನಡುವೆ ಫೌಂಡ್ರಿಯಿಂದ ನೀನು ಮಾಡುತ್ತಿದ್ದ ಫೋನು. ಏಪ್ರನ್ ಜೇಬಿನಲ್ಲಿದ್ದ ಕ್ಲಿಪ್ಪನ್ನು ಗುಂಡಿಗೆ ಕಚ್ಚಿಸಿ ಒಳಗೆ ಓಡಿದೆ. ಎರಡೇ ನಿಮಿಷ ಎಂದುಕೊಂಡೆ. ಅವನಿಗೆ ಹೇಳಲಿಲ್ಲ. ಊಟಕ್ಕೇನು ಎಂದು ನೀನು ಕೇಳಿದೆ, ಮೀಟ್‌ಲೋಫ್ ಎಂದೆ, ನೀನು ಏನೋ ಹೇಳಿದೆ, ನಾನು ನಕ್ಕೆ. ನಗುತ್ತಿರುವಾಗಲೇ ಕಾರು ಅವನ ಮೇಲೆ ಉರುಳಿದ ಆ ಸದ್ದು.

ಜನ ಬರುವ ಮೊದಲು ಕ್ಲಿಪ್ ಕಿತ್ತು ಕಸ ಸುಡುವ ಪೀಪಾಯಿಗೆ ಹಾಕಿದೆ. ಅದು ಬೂದಿಯಾದದ್ದನ್ನು ನೋಡಿದ್ದೇನೆ. "ಮರ್ನಾ ನನ್ನ ಜೊತೆ ಫೋನಲ್ಲಿದ್ಲು" ಎಂದು ಶೆರಿಫ್‌ಗೆ ಹೇಳಿದವನು ನೀನೇ. ನಾನು ಸುಮ್ಮನಿದ್ದೆ. ಎರಡು ವರ್ಷ ನನ್ನ ಪಾಪವನ್ನು ನಿನ್ನ ತಲೆಗೆ ಕಟ್ಟಿ ಸುಮ್ಮನೇ ಇದ್ದೆ.

ಡಾರ್ಸಿ ಇದನ್ನು ಓದಿದಳು. ಅಂಚೆಚೀಟಿ ಅವಳೇ ತಂದುಕೊಟ್ಟಳು.

ಪೆಡಲ್ ಇನ್ನೂ ಕೆಳಗೇ ಇದೆ. ಅವನು ಪಾಪ, ನಾನು ಬರಲೆಂದು ಹಿಡಿದುಕೊಂಡೇ ಇದ್ದಾನೆ. ಇದು ತಲುಪಿದ ದಿನ ನಾಲ್ಕು ಗಂಟೆಗೆ ಫೋನ್ ಮಾಡು. ಡಾರ್ಸಿ ಎತ್ತುತ್ತಾಳೆ. ನಾನು ಆ ಸೀಟಿನಲ್ಲಿ ಕೂತಿರುತ್ತೇನೆ, ಈ ಸಲ ಕಾಲು ತೆಗೆಯುವುದಿಲ್ಲ.